ಕಾಲಿಗೆ ಕಟ್ಟಿದ ಡಬ್ಬಿ

"ಮದ್ಲ ಅದೇನಂತ ಹೇಳು, ಆಮ್ಯಾಲ ಕಟ್ಟಂತಿ," ಎಂದು ಚಂದ್ರಾಬಾಯಿ ತನ್ನ ಗಟ್ಟಿ ಇದ್ದ ಎಡಗಾಲನ್ನು ಚಾದರದೊಳಗೆ ಎಳೆದುಕೊಂಡಳು.

ಮಂಚದ ಕಾಲಬದಿಯಲ್ಲಿ ಬಗ್ಗಿ ನಿಂತಿದ್ದ ಜೀನತಳ ಕೈಯಲ್ಲಿ ಕಪ್ಪು ಪಟ್ಟಿ ಹಾಗೇ ಉಳಿಯಿತು. ಪಟ್ಟಿಯ ನಡುವೆ ಕಡ್ಡಿಪೆಟ್ಟಿಗೆಗಿಂತ ಸಣ್ಣದೊಂದು ಬೂದುಬಣ್ಣದ ಡಬ್ಬಿ. ಜೀನತ ಡಾಕ್ಟರೂ ಅಲ್ಲ, ನರ್ಸೂ ಅಲ್ಲ. ಎಲುಬು ಮುರಿದವರನ್ನು ಎಬ್ಬಿಸಿ ನಡೆಸುವ ವಿದ್ಯೆ ಕಲಿತು, ಈಗ ಅದರಲ್ಲೇ ದೊಡ್ಡ ಪದವಿಗೆ ಓದುತ್ತಿದ್ದವಳು. ವಯಸ್ಸಾದವರು ಆಸ್ಪತ್ರೆ ಸೇರಿದ ಮೇಲೆ ದಿನಕ್ಕೆ ಎಷ್ಟು ಓಡಾಡುತ್ತಾರೆ ಎಂದು ಅಳೆಯುವುದು ಅವಳ ಪ್ರಬಂಧದ ವಿಷಯ. ಬೆಳಗಿನಿಂದ ಹೆಣ್ಣುಮಕ್ಕಳ ಈ ವಾರ್ಡಿನಲ್ಲಿದ್ದ ಮುದುಕಿಯರಿಗೆಲ್ಲ ಡಬ್ಬಿ ಕಟ್ಟುತ್ತ ಬಂದಿದ್ದಳು. ಯಾರೂ ಹೀಗೆ ಕಾಲು ಎಳೆದುಕೊಂಡಿರಲಿಲ್ಲ.

"ಹೆಜ್ಜಿ ಎಣಸೂ ಡಬ್ಬಿರಿ ಆಯಿ. ನೀವು ಎಷ್ಟ ನಡೀತೀರಿ, ಎಷ್ಟೊತ್ತು ಕುಂದರತೀರಿ, ಎಷ್ಟೊತ್ತು ಮಕ್ಕೊಂತೀರಿ, ಎಲ್ಲಾ ಅದು ತಾನ ಹಿಡಕೊಂತದ. ನೋವು ಗೀವು ಏನೂ ಇಲ್ಲ."

"ಹಿಡಕೊಂಡು ಯಾರಿಗೆ ಹೇಳ್ತದ?"

"ನನಗ. ನನಗ ಕಲಸೂ ಮೇಡಂಗ. ಬ್ಯಾರೆ ಯಾರಿಗೂ ಇಲ್ರಿ."

"ಕಂಪನಿಯವ್ರಿಗೆ?"

"ಯಾವ ಕಂಪನಿರಿ?"

ಚಂದ್ರಾಬಾಯಿ ಹುಡುಗಿಯ ಮುಖವನ್ನೇ ನೋಡಿದಳು. ಯಾವ ಕಂಪನಿ ಎಂದು ಕೇಳುವ ಮುಖ ನಿಜಕ್ಕೂ ಗೊತ್ತಿಲ್ಲದ ಮುಖವೋ, ಗೊತ್ತಿಲ್ಲದಂತೆ ಮಾಡುವ ಮುಖವೋ ಹೇಳಲು ಬರುವಂತಿರಲಿಲ್ಲ.

ಪಕ್ಕದ ಮಂಚದಿಂದ ಹೊನವಾಡದ ದುಂಡವ್ವ ತನ್ನ ಕಾಲನ್ನು ಮೇಲೆತ್ತಿ ತೋರಿಸಿದಳು. ಅವಳಿಗೆ ಮೊಣಕಾಲಿನ ಆಪರೇಷನ್ ಆಗಿತ್ತು. "ಕಟ್ಟಿಸ್ಕೊ ಬೇ, ನನಗೂ ಕಟ್ಟ್ಯಾಳ. ನಮ್ಮೂರಿಗೆ ಕುರಿ ಡಾಕ್ಟರ ಬಂದು ಎಲ್ಲಾ ಕುರಿಗೂ ಕಿವ್ಯಾಗ ಹಳದಿ ಬಿಲ್ಲೆ ಹೊಡದು ಹೋಗ್ಯಾನ. ಈಗ ನಮ್ಮ ಪಾಳಿ ಬಂದೈತಿ. ಕಿವಿಗೆ ಹೊಡೀಲಿಲ್ಲಲ್ಲ, ಅಷ್ಟ ಪುಣ್ಯಾ ಅನ್ನು."

"ಬಿಲ್ಲೆ ಹೊಡದ ಕುರಿ ಆಮ್ಯಾಲ ಎಲ್ಲಿಗೆ ಹೋದುವು?"

"ಎಲ್ಲಿಗೆ ಹೋಗ್ತಾವ? ಸಂತಿಗೆ."

"ಕೇಳಿದೇನ ತಂಗಿ?" ಎಂದಳು ಚಂದ್ರಾಬಾಯಿ ಜೀನತಳತ್ತ ತಿರುಗಿ.

ವಾರ್ಡೆಲ್ಲ ನಕ್ಕಿತು. ಜೀನತಳೂ ನಕ್ಕು, ಒಪ್ಪಿಗೆಯ ಕಾಗದ ಮುಂದೆ ಹಿಡಿದಳು. ಚಂದ್ರಾಬಾಯಿ ಅದನ್ನು ಮುಟ್ಟದೆ ಬಾಗಿಲ ಕಡೆ ಕೂಗಿದಳು. "ಏ ನೀಲಾ, ಬಾ ಇಲ್ಲಿ. ಈ ಕಾಗದದಾಗ ಏನೈತಿ ಓದು."

ಬಾಗಿಲ ಬಳಿ ನೆಲ ಒರೆಸುತ್ತಿದ್ದ ಸೊಸೆ ನೀಲಾ ಕೋಲನ್ನು ಗೋಡೆಗೆ ಆನಿಸಿ, ಕಂಪನಿಯ ನೀಲಿ ಕೋಟಿಗೆ ಕೈ ಒರೆಸಿಕೊಳ್ಳುತ್ತ ಬಂದು, ಕಾಗದವನ್ನು ಮೊದಲಿಂದ ಕೊನೆಯವರೆಗೆ ಎಲ್ಲೂ ತಡವರಿಸದೆ ಓದಿದಳು. ಮಾಹಿತಿಯನ್ನು ಗುಟ್ಟಾಗಿ ಇಡಲಾಗುವುದು ಎಂಬ ಸಾಲನ್ನು ಎರಡು ಸಲ ಓದಿದಳು.

"ನಿಮಗ ಛಲೋ ಓದಾಕ ಬರ್ತದಲ್ರಿ!" ಎಂದಳು ಜೀನತ.

"ಓದಸ್ತೀನ್ರಿ. ಬಬಲೇಶ್ವರ ಸಾಲ್ಯಾಗ," ಎಂದು ಹೇಳಿ ನೀಲಾ ಕಾಗದವನ್ನು ಮಂಚದ ಮೇಲಿಟ್ಟು ಮತ್ತೆ ಕೋಲು ಹಿಡಿದಳು.

ಚಂದ್ರಾಬಾಯಿ ಕಾಗದವನ್ನೂ ಡಬ್ಬಿಯನ್ನೂ ನೋಡಿದಳು. ಬೇಡವೆಂದರೆ, ಯಾಕೆ ಬೇಡವೆಂದಳು ಎಂಬುದೂ ಎಲ್ಲೋ ದಾಖಲಾಗುತ್ತದೆ. ಕಾಲನ್ನು ಚಾದರದಿಂದ ಹೊರಗೆ ಚಾಚಿದಳು. "ಕಟ್ಟು. ನಾ ಏನೂ ಅನ್ನೂದಿಲ್ಲ."

ಯಂತ್ರಗಳ ಮೇಲೆ ಅವಳಿಗಿದ್ದ ಸಂಶಯ ಸುಮ್ಮನೆ ಹುಟ್ಟಿದ್ದಲ್ಲ. ಅವಳು ಇದೇ ಆಸ್ಪತ್ರೆಯ ನೆಲ ಒರೆಸಿದವಳು. ಈಗ ತಾನು ಮಲಗಿದ್ದ ಮಂಚದ ಕೆಳಗೂ ಒರೆಸಿದ್ದಳು. ಆಸ್ಪತ್ರೆಗೆ ಆಳು ಪೂರೈಸುವ ಕಂಪನಿ ಗೇಟಿನ ಬಳಿ ಹೆಬ್ಬೆಟ್ಟಿನ ಮಶಿನ್ ತಂದು ಕೂರಿಸಿದಾಗ, ನಿಮ್ಮ ಅನುಕೂಲಕ್ಕೆ ಎಂದಿದ್ದರು. ಫಿನಾಯಿಲಿಗೆ ಸವೆದ ಹೆಬ್ಬೆರಳನ್ನು ಅದು ಗುರುತಿಸಲಿಲ್ಲ. ಗುರುತಿಸದ ದಿನ ಗೈರುಹಾಜರಿ. ವರಾಂಡಕ್ಕೆ ಕ್ಯಾಮರಾ ಹಾಕಿದಾಗ, ಕಳ್ಳರನ್ನು ಹಿಡಿಯಲು ಎಂದಿದ್ದರು. ಅದು ಹಿಡಿದದ್ದು ಕಂಬಕ್ಕೊರಗಿ ಗಳಿಗೆ ಹೊತ್ತು ಕೂತ ಹೆಂಗಸರನ್ನು. ಅದೇ ಕ್ಯಾಮರಾ, ಅವಳು ತುಂಬಿದ ಬಕೆಟ್ಟಿನೊಂದಿಗೆ ಮೆಟ್ಟಿಲ ಮೇಲಿಂದ ಉರುಳಿ ಸೊಂಟದ ಕೆಳಗಿನ ಚಪ್ಪೆಯ ಎಲುಬು ಮುರಿದುಕೊಂಡ ದಿನ ಮಾತ್ರ ಕೆಟ್ಟಿತ್ತಂತೆ. ಅವಳು ಕೆಲಸದ ಮೇಲೆ ಬಿದ್ದಳೆಂದು ಕಂಪನಿ ಇನ್ನೂ ಒಪ್ಪಿರಲಿಲ್ಲ. ಮನೆಯಲ್ಲೇ ಬಿದ್ದು ಬಂದಿರಬಹುದು, ವಿಚಾರ ಮಾಡುತ್ತಿದ್ದೇವೆ ಎನ್ನುತ್ತಿತ್ತು.

ಈಗ ಕಾಲಿಗೊಂದು ಡಬ್ಬಿ. ಇದು ಯಾತಕ್ಕೆ ಎಂಬುದು ಚಂದ್ರಾಬಾಯಿಗೆ ಆ ಕ್ಷಣವೇ ಹೊಳೆದುಹೋಗಿತ್ತು. ನಾಲ್ಕು ಹೆಜ್ಜೆ ನಡೆದರೆ ಸಾಕು, ನೋಡಿ, ಮುದುಕಿಗೆ ಏನೂ ಆಗಿಲ್ಲ ಎನ್ನುತ್ತಾರೆ. ಬಿದ್ದದ್ದೇ ಸುಳ್ಳು ಎನ್ನುತ್ತಾರೆ. ನಾಳೆಯಿಂದ ಬಕೆಟ್ಟು ಎತ್ತು ಎನ್ನುತ್ತಾರೆ. ಮಲಗಿದವಳ ಬಗ್ಗೆ ಯಾವ ಡಬ್ಬಿ ತಾನೇ ಏನು ಹೇಳೀತು? ಅಂದಿನಿಂದ ಅವಳು ಅಲುಗಾಡಲಿಲ್ಲ.

ಅಲ್ಲಿ ಇನ್ನೊಂದು ಪದ್ಧತಿಯಿತ್ತು. ಅದನ್ನು ಯಾವ ಕಾಗದದಲ್ಲೂ ಬರೆದಿರಲಿಲ್ಲ. ಕಸ ಹೊಡೆಯುವವಳು ಹಾಸಿಗೆ ಹಿಡಿದರೆ ಅವಳ ಮನೆಯಿಂದಲೇ ಇನ್ನೊಬ್ಬಳು ಬಂದು ನಿಲ್ಲಬೇಕು. ನಿಲ್ಲದಿದ್ದರೆ ಜಾಗ ಹೋಯಿತು. ಇದಕ್ಕೆ ಬದಲಿ ಎನ್ನುತ್ತಿದ್ದರು. ಬಿಲ್ಲು ಬರೆಯುವವರಿಗೆ ಜಡ್ಡಾದಾಗ ಅವರ ಸೊಸೆಯಂದಿರು ಬಂದು ಬಿಲ್ಲು ಬರೆದದ್ದನ್ನು ಯಾರೂ ಕಂಡಿರಲಿಲ್ಲ. ಡಾಕ್ಟರ ಮನೆಯಿಂದ ಬದಲಿ ಬಂದದ್ದಿಲ್ಲ. ಕಸಬರಿಗೆಗೆ ಮಾತ್ರ ಮನೆತನ ಬೇಕಾಗಿತ್ತು. ಚಂದ್ರಾಬಾಯಿ ತಾನೂ ಹಾಗೇ ಬಂದವಳು. ಅತ್ತೆ ಲಕ್ಕವ್ವನಿಗೆ ಕಣ್ಣಿನ ಆಪರೇಷನ್ ಆದಾಗ, ಹದಿನೈದು ದಿನದ ಮಟ್ಟಿಗೆ ಎಂದು ಇಟ್ಟಂಗಿಹಾಳದಿಂದ ನಡೆದು ಬಂದು ನಿಂತಿದ್ದಳು. ಆ ಹದಿನೈದು ದಿನ ಇನ್ನೂ ಮುಗಿದಿರಲಿಲ್ಲ.

ಈಗ ಅವಳ ಬದಲಿಗೆ ನೀಲಾ. ಮಗ ಪ್ರತಾಪ ತಾನೇ ಬರುತ್ತೇನೆಂದಿದ್ದ, ಹೆಣ್ಣುಮಕ್ಕಳ ವಾರ್ಡಿಗೆ ಗಂಡಸರು ನಡೆಯುವುದಿಲ್ಲ ಎಂದರು. ಅವನಿಗೂ ಬಿಡುವಿರಲಿಲ್ಲ; ತಿಕೋಟಾ ಕಡೆಯ ದ್ರಾಕ್ಷಿ ತೋಟಗಳಲ್ಲಿ ಬಳ್ಳಿ ಕತ್ತರಿಸುವ ಚಾಟ್ನಿ ಕೆಲಸ ನಡೆದಿತ್ತು, ಕಳ್ಳಕವಟಗಿಗೂ ಹೊನವಾಡಕ್ಕೂ ಆಳುಗಳನ್ನು ಟಂಟಂ ಗಾಡಿಯಲ್ಲಿ ಹೇರಿಕೊಂಡು ಬೆಳಗ್ಗೆ ಹೋದರೆ ಬರುವುದು ಹೊತ್ತು ಮುಳುಗಿದ ಮೇಲೆ. ನೀಲಾ ಬಬಲೇಶ್ವರದ ಶಾಲೆಯಲ್ಲಿ ಅತಿಥಿ ಶಿಕ್ಷಕಿ. ದಸರಾ ಸೂಟಿ ಇತ್ತು. ಸೂಟಿ ಮುಗಿಯುವುದರೊಳಗೆ ಅತ್ತೆ ಎದ್ದು ನಿಲ್ಲುತ್ತಾಳೆಂದು ನಂಬಿ, ಒಂದು ಮಾತೂ ಆಡದೆ ನೀಲಿ ಕೋಟು ತೊಟ್ಟಿದ್ದಳು. ಶಾಲೆ ಸೋಮವಾರ ಶುರು. ಅಂದು ಬರದಿದ್ದರೆ ಬೇರೆಯವರನ್ನು ತೆಗೆದುಕೊಳ್ಳುತ್ತೇನೆಂದು ಹೆಡ್‌ಮಾಸ್ತರರು ಫೋನಿನಲ್ಲಿ ಆಗಲೇ ಹೇಳಿದ್ದರು.

ಡಬ್ಬಿ ಕಟ್ಟಿದಂದಿನಿಂದ ದುಂಡವ್ವನಿಗೆ ಹುರುಪು ಬಂದಿತ್ತು. ವಾಕರಿಗೆ ಅವಳು ನಾಲ್ಕು ಕಾಲಿನ ಕುದುರೆ ಎಂದು ಹೆಸರಿಟ್ಟಿದ್ದಳು. ಅದನ್ನು ದಬ್ಬಿಕೊಂಡು ಕಿಟಕಿಯವರೆಗೆ ಹೋಗಿ ಬಂದು, ಜೀನತ ಕಂಡರೆ ಸಾಕು, "ನಂದ ಎಷ್ಟ ಆತು? ಆ ಮೂಲಿ ಮಂಚದಾಕಿಕಿಂತ ಜಾಸ್ತಿ ಆತಿಲ್ಲ?" ಎಂದು ಕೇಳುತ್ತಿದ್ದಳು. ಚಂದ್ರಾಬಾಯಿಯನ್ನು ಕೆಣಕುವುದೂ ತಪ್ಪುತ್ತಿರಲಿಲ್ಲ. "ಏಳ ಬೇ ಚಂದ್ರವ್ವ, ಗಾದಿಗೆ ಬೇರ ಬಿಟ್ಟಿ. ನಾಳೆ ನಿನ್ನ ಕಿತ್ತಾಕ ಗುದ್ದಲಿ ತರಬೇಕಾದೀತು." ಅದೇ ದುಂಡವ್ವ ಮೊದಲ ದಿನ ಊರು ಕೇಳಿ, ಕೇರಿ ಕೇಳಿ, ತನ್ನ ನೀರಿನ ಬಾಟಲಿಯನ್ನು ಆಚೆ ಬದಿಗೆ ಸರಿಸಿ ಇಟ್ಟುಕೊಂಡಿದ್ದಳು. ಮಾತಿಗೆ ಮಾತ್ರ ಅವಳಿಗೆ ಮೈಲಿಗೆ ಇರಲಿಲ್ಲ.

ಡಾಕ್ಟರು ಬಂದು ಗದರಿ ಹೋದರು. ಹೀಗೇ ಮಲಗಿದರೆ ಎದೆಯಲ್ಲಿ ಕಫ ಕಟ್ಟುತ್ತದೆ, ಕಾಲಲ್ಲಿ ರಕ್ತ ಹೆಪ್ಪುಗಟ್ಟುತ್ತದೆ, ಹಾಕಿದ ರಾಡು ದಂಡ ಎಂದರು. ಜೀನತ ದಿನವೂ ಬಂದು ಕೈ ಹಿಡಿದು ಎಬ್ಬಿಸಲು ನೋಡುತ್ತಿದ್ದಳು. "ಬರೇ ಮಂಚದ ತುದಿಗರೆ ಕುಂದರ್ರಿ ಆಯಿ." ಚಂದ್ರಾಬಾಯಿ ಕಣ್ಣು ಮುಚ್ಚಿಕೊಳ್ಳುತ್ತಿದ್ದಳು. ಈ ಹುಡುಗಿಗೆ ಅವಳನ್ನು ನಡೆಸಬೇಕೆಂಬ ಆತುರ ಎಷ್ಟು ಹೆಚ್ಚಾಗುತ್ತಿತ್ತೋ ಚಂದ್ರಾಬಾಯಿಯ ಸಂಶಯವೂ ಅಷ್ಟೇ ಹೆಚ್ಚಾಗುತ್ತಿತ್ತು. ಸಂಬಂಧವಿಲ್ಲದವಳಿಗೆ ಇಷ್ಟು ಆತುರ ಯಾಕೆ? ಬೆನ್ನು ಉರಿಯುತ್ತಿತ್ತು. ಹಿಮ್ಮಡಿ ಸೆಟೆದು ಕಲ್ಲಾಗಿತ್ತು. ಎಲ್ಲಕ್ಕಿಂತ ಕಷ್ಟವೆಂದರೆ ಬೆಡ್‌ಪ್ಯಾನು. ವಾರ್ಡಿನ ಬೆಡ್‌ಪ್ಯಾನುಗಳನ್ನೆಲ್ಲ ಬಳಿದು ತೊಳೆಯುವವಳು ಆ ಪಾಳಿಯ ಕಸದವಳು, ಅಂದರೆ ನೀಲಾ. ಅವಳು ಪರದೆ ಎಳೆದು ಒಳಗೆ ಬಂದಾಗ ಅತ್ತೆ, ಸೊಸೆ ಇಬ್ಬರೂ ಬೇರೆ ಬೇರೆ ಗೋಡೆ ನೋಡುತ್ತಿದ್ದರು.

ಶುಕ್ರವಾರ ಮಧ್ಯಾಹ್ನ ನೀಲಾ ಗೋಡೆ ನೋಡಲಿಲ್ಲ.

"ಅತ್ತಿ, ಒಂದ ಮಾತ ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ. ನಿಮಗ ಖರೇನ ಏಳಾಕ ಬರೂದಿಲ್ಲೇನು?"

"ಯಾಕ ಹಂಗ ಕೇಳ್ತಿ?"

"ಈ ಡಬ್ಬಿ ಕಟ್ಟೂಕಿಂತ ಮುಂಚಿ ನಾ ಕಿಟಕಿ ಒರಸಾಕತ್ತಿದ್ದೆ. ಕಾಜಿನಾಗ ಕಂಡ್ರಿ. ಮಂಚದ ಸರಳ ಹಿಡದು ನಿಂತಿದ್ರಿ. ಜರಾ ಮುಂದನೂ ಬಂದ್ರಿ."

ಚಂದ್ರಾಬಾಯಿ ಚಾದರವನ್ನು ಎದೆಯವರೆಗೆ ಎಳೆದುಕೊಂಡಳು.

"ಸೋಮವಾರ ಸಾಲಿ ಚಾಲೂ ಆಗ್ತೈತಿ. ಅವ್ವನ ಜಾಗಾ ಕೈ ಬಿಡಬಾರದು, ಇವತ್ತಿಲ್ಲ ನಾಳೆ ಕಾಯಂ ಆಗ್ತೈತಿ ಅಂತ ನಿಮ್ಮ ಮಗ ಮನ್ಯಾಗ ಒಂದ ಸವನ ಹೇಳಾಕತ್ತಾರ. ನೀವೂ ಆ ಕಡೇನ ಅದೀರಂದ್ರ ಬಾಯಿಬಿಟ್ಟ ಹೇಳ್ರಿ. ಇಬ್ಬರೂ ಕೂಡಿ ಮಾತಾಡ್ಕೊಂಡ ಹಿಂಗ..."

"ಏನಂದಿ?" ಚಂದ್ರಾಬಾಯಿ ಮೊಣಕೈ ಊರಿ ಮೇಲೆದ್ದಳು. "ನಿನ್ನ ಕೈಗೆ ಕಸಬರಗಿ ಕೊಡಾಕ ನಾ ಸೋಗ ಹಾಕಿ ಮಕ್ಕೊಂಡೀನಿ ಅಂತಿಯೇನು?"

"ನಾ ಅನ್ನೂದಿಲ್ರಿ. ಹಂಗ ಕಾಣಸ್ತೈತಿ."

"ಸಣ್ಣ ದನಿಲೆ ಮಾತಾಡು. ಇದು ಕೇಳಸ್ಕೊಂತದ."

"ಇದು ಕೇಳೂದಿಲ್ರಿ ಅತ್ತಿ, ಎಣಸ್ತದ ಅಷ್ಟ."

"ಎಣಿಸಿ ಅವರಿಗೆ ಮುಟ್ಟಸ್ತದ! ನಾ ನಡದ್ರ ಬಿದ್ದದ್ದ ಸುಳ್ಳ ಮಾಡ್ತಾರ. ಹಂಗ ಮಾಡಿದ್ರ ನಾ ಇಷ್ಟ ವರ್ಷ ದುಡದದ್ದಕ್ಕ ಒಂದ ರೊಟ್ಟಿ ಚೂರು ಸೈತ ಹೊಳ್ಳಿ ಬರೂದಿಲ್ಲ. ಮಕ್ಕೊಂಡ್ರ ಅವರ ಕೈಗೆ ಏನೂ ಸಿಗೂದಿಲ್ಲ. ತಿಳೀತಿಲ್ಲ ನಿನಗ, ಇಷ್ಟ ಓದಿ?"

ನೀಲಾ ಅವಳನ್ನೇ ದಿಟ್ಟಿಸಿದಳು. ಅವಳ ಕಣ್ಣಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು. "ನೀವು ಮಕ್ಕೊಂಡ್ರ ಅವರಿಗೇನ್ರಿ ಲುಕ್ಸಾನ? ನೆಲ ಒರಸಾಕ ನಾ ಅದೀನಲ್ಲ," ಎಂದು ಬೆಡ್‌ಪ್ಯಾನಿಗೆ ಬಟ್ಟೆ ಮುಚ್ಚಿಕೊಂಡು ಪರದೆ ಸರಿಸಿ ಹೊರಟುಹೋದಳು.

ಆ ಮಾತು ಚಂದ್ರಾಬಾಯಿಯ ಎದೆಯ ಮೇಲೆ ಕೂತಿತು. ಸಂಜೆ ಪ್ರತಾಪ ಬಂದಾಗಲೂ ಅದು ಹಾಗೇ ಕೂತಿತ್ತು. ಅವನ ಕೈಯ ರೊಟ್ಟಿ ಗಂಟನ್ನೂ ಸಂಶಯದಿಂದಲೇ ನೋಡಿದಳು.

ಶನಿವಾರ ಬೆಳಗ್ಗೆ ಜೀನತ ಲ್ಯಾಪ್‌ಟಾಪ್ ತಂದು, ಒಬ್ಬೊಬ್ಬರ ಡಬ್ಬಿಗೂ ವಾಯರು ಸಿಕ್ಕಿಸಿ ಲೆಕ್ಕ ಇಳಿಸಿಕೊಂಡು ಹೋದಳು. ಚಂದ್ರಾಬಾಯಿಯದನ್ನು ನೋಡಿ ತುಟಿ ಕಚ್ಚಿ ಮತ್ತೆ ಕಟ್ಟಿದಳು. ಬಾಗಿಲ ಬಳಿಯ ನರ್ಸಿನ ಮೇಜಿಗೆ ಒರಗಿ ಕಂಪನಿಯ ಸೂಪರ್‌ವೈಸರ್ ಮಹಾದೇವ ನಿಂತಿದ್ದ. ಇಸ್ತ್ರಿ ಮಾಡಿದ ಅಂಗಿ, ಕೊರಳಲ್ಲಿ ಗುರುತಿನ ಚೀಟಿ, ಕೈಯಲ್ಲೊಂದು ಬಿಸ್ಕೀಟಿನ ಪುಡಕಿ. ಚಂದ್ರಾಬಾಯಿಯ ಮಂಚ ಬಾಗಿಲಿಗೆ ಹತ್ತಿರವಿತ್ತು. ಅವಳು ಕಣ್ಣು ಮುಚ್ಚಿ ಕಿವಿ ತೆರೆದಳು.

"ನಮ್ಮ ಚಂದ್ರಾಬಾಯಿ ಎದ್ದು ತಿರಗ್ಯಾಡಾಕತ್ತಾಳೇನ್ರಿ ಮೇಡಂ? ಪಾಪ, ಹಳೇ ಮನಶ್ಯಾಳು."

"ಎಲ್ಲಿದ್ರಿ ಸರ್," ಎಂದಳು ಜೀನತ, ಬೇಸರದಿಂದ. "ಒಂದ ಹೆಜ್ಜಿನೂ ಇಟ್ಟಿಲ್ಲ. ಡಬ್ಬ್ಯಾಗ ಬರೇ ಮಲಗಿದ್ದ ಬಂದೈತಿ. ಆಯಿಗೆ ನೀವರೆ ಒಂದೀಟ ತಿಳಿಸಿ ಹೇಳ್ರಿ."

"ಹೇಳ್ತೀನ್ರಿ, ನಾ ಹೇಳ್ತೀನಿ."

ಮಹಾದೇವ ಬಂದು ಸ್ಟೂಲು ಎಳೆದುಕೊಂಡು ಕೂತ. ಇಷ್ಟು ವರ್ಷದಲ್ಲಿ ಅವನು ಅವಳ ಮುಂದೆ ಕೂತು ಮಾತಾಡಿದ್ದು ಅದೇ ಮೊದಲು. ಬಿಸ್ಕೀಟಿನ ಪುಡಕಿಯನ್ನು ಅವಳ ತಲೆದಿಂಬಿನ ಬಳಿ ಇಟ್ಟ.

"ಚಂದ್ರಾಬಾಯಿ, ನೀ ಏನೂ ಹೈರಾಣ ಆಗಬ್ಯಾಡ. ಎಲ್ಲಾ ಬಂದೋಬಸ್ತ ಮಾಡೇನಿ. ಇನ್ನ ಈ ಕೆಲಸ ನಿನ್ನಿಂದ ಆಗೂ ಮಾತಲ್ಲ. ಮಶಿನ್ ಸೈತ ಅದನ್ನ ಹೇಳ್ತಂತ, ಮಶಿನ್ ಏನ ಸುಳ್ಳ ಹೇಳತೈತಿ? ವಯಸ್ಸಾತು, ಮೈಯಾಗ ತ್ರಾಣಿಲ್ಲ, ತಾನ ಬಿಟ್ಟಾಳ ಅಂತ ಬರದ ಬಿಡ್ತೀನಿ. ಜಾಗಾ ಎಲ್ಲಿಗೂ ಹೋಗಾಂಗಿಲ್ಲ. ನೀಲಾನ ಹೆಸರ ಹಚ್ಚತೀನಿ. ಇವತ್ತ ಆಕಿ ಹೆಬ್ಬಟ್ಟ ತಗೊಂಡ್ರ ಸೋಮವಾರದಿಂದ ಪಕ್ಕಾ. ನಿಮ್ಮ ಪ್ರತಾಪಗ ಫೋನ ಹಚ್ಚಿದ್ದೆ, ಹೂಂ ಅಂದಾನ."

"ನಾ ಪಾವಟಿಗಿ ಮ್ಯಾಲಿಂದ ಬಿದ್ದದ್ದು?"

"ಅದನ್ಯಾಕ ಕೆದರತಿ? ಮನಿತನದ ಜಾಗಾ ಮನ್ಯಾಗ ಉಳೀತು. ನಕ್ಕೋತ ಇರು." ಅವನು ಎದ್ದ. ಉಪಕಾರ ಮಾಡಿದವನ ಹಗುರ ನಡಿಗೆಯಲ್ಲಿ ಹೊರಗೆ ಹೋದ.

ಚಂದ್ರಾಬಾಯಿ ಮೇಲಿನ ಫ್ಯಾನನ್ನು ನೋಡುತ್ತ ಮಲಗಿದಳು. ಸಂಶಯ ಪಟ್ಟದ್ದರಲ್ಲಿ ತಪ್ಪಿರಲಿಲ್ಲ. ಡಬ್ಬಿಯಲ್ಲಿದ್ದದ್ದು ಕಂಪನಿಗೆ ಮುಟ್ಟಿತ್ತು. ಆದರೆ ಅವರಿಗೆ ಬೇಕಾಗಿದ್ದದ್ದು ಅವಳ ನಡಿಗೆಯಲ್ಲ, ಮಲಗುವಿಕೆ. ಅದನ್ನು ಅವಳು ಹಗಲೂ ರಾತ್ರಿ, ಬೆನ್ನು ಸುಟ್ಟುಕೊಂಡು, ತಾನಾಗಿ ಮಾಡಿಕೊಟ್ಟಿದ್ದಳು.

"ಏ ತಂಗಿ, ಬಾ ಇಲ್ಲಿ."

ಜೀನತ ಬಂದಳು.

"ಯಾರಿಗೂ ಹೇಳೂದಿಲ್ಲ ಅಂದಿದ್ದೆಲ್ಲ?"

"ಏನ ಹೇಳಿದೆ ಆಯಿ?"

"ಈಗ ಹೋದ್ನಲ್ಲ, ಅವಗ."

ಜೀನತಳ ಮುಖ ನಿಧಾನವಾಗಿ ಬಣ್ಣಗೆಟ್ಟಿತು. "ಅವರು... ನಿಮ್ಮ ಕಡೆಯವರಂತ ತಿಳಕೊಂಡೆ. ಕಾಳಜಿಲೆ ಕೇಳಾಕತ್ತಾರ ಅಂತ..."

"ನನ್ನ ಕಡೆಯವರು ಯಾರಂತ ನನ್ನ ಕೇಳಿದೇನು?"

ಹುಡುಗಿಯ ಕಣ್ಣಲ್ಲಿ ನೀರು ಬಂದಿತ್ತು. ಅವಳು ಕೆಟ್ಟವಳಾಗಿದ್ದರೆ ಬೈದು ಹಗುರಾಗಬಹುದಿತ್ತು; ಅದಕ್ಕೂ ಅವಕಾಶವಿಲ್ಲವೆಂದು ಚಂದ್ರಾಬಾಯಿಗೆ ಇನ್ನಷ್ಟು ಸಿಟ್ಟು ಬಂತು.

"ತಪ್ಪಾತ್ರಿ ಆಯಿ. ಬಿಚ್ಚಿಬಿಡ್ತೀನಿ. ನಿಮ್ಮದನ್ನ ಪೂರಾ ತಗದ ಹಾಕ್ತೀನಿ."

"ಬಿಚ್ಚೂದ ಆಮ್ಯಾಲ. ಮದ್ಲ ಆ ಕುದರಿ ಇತ್ತ ತಾ."

ಜೀನತ ವಾಕರ್ ತಂದಿಟ್ಟು, ಕಂಕುಳಲ್ಲಿ ಕೈಕೊಟ್ಟು ಎಬ್ಬಿಸಿದಳು. ನಿಂತೊಡನೆ ವಾರ್ಡು ಒಮ್ಮೆ ಸುತ್ತಿ ಬಂತು. ಅಷ್ಟು ದಿನ ಮಲಗಿದ್ದೆಲ್ಲ ಕಾಲಿಗಿಳಿದಂತೆ ಅಂಗಾಲು ಜಡವಾಗಿ, ನೆಲ ಇದೆಯೋ ಇಲ್ಲವೋ ತಿಳಿಯಲಿಲ್ಲ. "ಮದ್ಲ ವಾಕರ್, ಆಮ್ಯಾಲ ಆಪರೇಷನ್ ಆದ ಕಾಲು, ಆಮ್ಯಾಲ ಇದು," ಎಂದು ಜೀನತ ಹೇಳುತ್ತ ಹೋದಳು. ಚಪ್ಪೆಯೊಳಗೆ ಯಾರೋ ಬಿಸಿ ಸಲಾಕೆ ತಿರುವಿದಂತೆ ನೋವು ಎದ್ದಿತು. ಎರಡು ಹೆಜ್ಜೆಗೆ ಜೋಲಿ ತಪ್ಪಿ ಚಂದ್ರಾಬಾಯಿ ದುಂಡವ್ವನ ಮಂಚದ ಸರಳನ್ನು ಹಿಡಿದಳು. ದುಂಡವ್ವ ಗಾಬರಿಯಲ್ಲೂ ಮೊದಲು ನೀರಿನ ಬಾಟಲಿಯನ್ನು ಇನ್ನಷ್ಟು ದೂರ ಸರಿಸಿದಳು. ಆಮೇಲೆ, "ಹುಷಾರ ಬೇ, ಹುಷಾರ," ಎಂದಳು. ಚಂದ್ರಾಬಾಯಿ ಬಾಟಲಿಯನ್ನೂ ಅವಳನ್ನೂ ನೋಡಿದಳು. ಸರಳು ಬಿಟ್ಟು ಮುಂದೆ ಹೊರಟಳು.

"ಎಲ್ಲಿಗ್ರಿ ಆಯಿ? ಇವತ್ತ ಇಷ್ಟ ಸಾಕು."

"ನೀ ಹಿಡದಿದ್ದ ಬಿಡು. ಹಿಂದ ಬಾ."

ವರಾಂಡದಲ್ಲಿ ನೀಲಾ ಗೋಡೆಗೆ ಬೆನ್ನು ಹಚ್ಚಿ ನಿಂತಿದ್ದಳು. ಎದುರಿಗೆ ಮಹಾದೇವ, ಕೈಯಲ್ಲಿ ಮೊಬೈಲಿನಷ್ಟು ಗಾತ್ರದ ಹೆಬ್ಬೆಟ್ಟಿನ ಮಶಿನ್. ಬೆಳಗಿನಿಂದ ನೀರಲ್ಲಿದ್ದ ಬೆರಳು ಬೆಳ್ಳಗೆ ಸುಕ್ಕುಗಟ್ಟಿತ್ತು. ಅವಳು ಇಟ್ಟಾಗಲೆಲ್ಲ ಮಶಿನ್ ಕೀರಲು ದನಿ ತೆಗೆದು ಕೆಂಪು ದೀಪ ತೋರಿಸುತ್ತಿತ್ತು.

"ಹಸಿ ಐತಿ ನೋಡು. ಸೀರಿಗೆ ಒರಸ್ಕೊ. ಹಾಂ, ಹೊಳ್ಳಿ ಇಡು. ಒತ್ತಿ ಹಿಡಿ."

ನೀಲಾ ಬೆರಳು ಒರೆಸಿಕೊಂಡಳು. ಅವಳು ಮಶಿನ್ನಿನ ಕಡೆ ನೋಡುತ್ತಿರಲಿಲ್ಲ. ಕಿಟಕಿಯಾಚೆ, ಬಬಲೇಶ್ವರದ ಬಸ್ಸು ತಿರುಗುವ ರಸ್ತೆಯ ಕಡೆ ನೋಡುತ್ತಿದ್ದಳು.

"ನೀಲಾ."

ಇಬ್ಬರೂ ತಿರುಗಿದರು. ವಾರ್ಡಿನ ಬಾಗಿಲಲ್ಲಿ ವಾಕರಿನ ಮೇಲೆ ಬಾಗಿ, ಏದುಸಿರು ಬಿಡುತ್ತ ಚಂದ್ರಾಬಾಯಿ ನಿಂತಿದ್ದಳು. ಅವಳ ಸೆರಗು ಜಾರಿತ್ತು, ಹಣೆಯ ಬೆವರು ಮೂಗಿನ ತುದಿಗೆ ಇಳಿದಿತ್ತು.

"ಅರೆ, ಎದ್ದಿ?" ಎಂದ ಮಹಾದೇವ.

"ಎದ್ದೆ. ಬೇಕಾದ್ರ ಈ ಡಬ್ಬ್ಯಾಗ ನೋಡ್ಕೋರಿ. ನಾ ಬಿದ್ದದ್ದ ನಿಮ್ಮ ಕ್ಯಾಮರಾಕ್ಕ ಕಾಣಸಲಿಲ್ಲ, ಎದ್ದದ್ದರೆ ಕಾಣಲಿ." ಅವಳು ನೀಲಾಳ ಕಡೆ ನೋಡಿದಳು. "ಕೈ ತಗಿಯವ್ವ ಅದರ ಮ್ಯಾಲಿಂದ. ಮನಿಗೆ ನಡಿ. ಸೋಮವಾರ ಸಾಲಿ ಐತಿ."

ನೀಲಾ ಬೆರಳು ಹಿಂದೆಗೆದುಕೊಂಡಳು. ಆದರೆ ಅಲುಗಲಿಲ್ಲ. ಅತ್ತೆಯ ಮುಖದಲ್ಲಿ ಏನನ್ನೋ ಹುಡುಕುತ್ತಿದ್ದಳು.

"ಹಂಗಾದ್ರ ನೀ ಬರ್ತಿ ಸೋಮವಾರ?" ಎಂದ ಮಹಾದೇವ.

"ನಾನೂ ಬರೂದಿಲ್ಲ. ಎಲುಬು ಕೂಡೂತನಕ ಬರೂದಿಲ್ಲ."

"ನೋಡವ್ವ, ನಿನ್ನ ಆಪರೇಷನ್ ಆದದ್ದ ಬಿಲ್ಲ ನಾವ ನೋಡ್ಕೊಂತೀವಿ ಅನ್ನೂ ಕಂಪನಿ ಮಾತಿನ ಮ್ಯಾಲ. ಜಾಗಾ ಬಿಟ್ರ ಆ ಮಾತೂ ಬಿಟ್ಟಂಗ. ಬಿಲ್ಲ ನಿಮ್ಮ ಕೊರಳಿಗೆ ಬರ್ತದ. ನಾ ಹೇಳಿಲ್ಲ ಅನಬ್ಯಾಡ ಮತ್ತ."

"ಕೆಲಸದ ಮ್ಯಾಲ ಬಿದ್ದಾಕಿ ನಾ. ಅದನ್ನ ಎಲ್ಲಿ ಹೇಳಬೇಕೋ ಅಲ್ಲಿ ಹೇಳ್ತೀನಿ, ಇದ ಕುದರಿ ಹಿಡಕೊಂಡ ಹೋಗಿ."

"ಪ್ರತಾಪ ಹೂಂ ಅಂದಾನ."

"ಅವ ನನ್ನ ಮಗ. ಅವಗ ಏನ ಹೇಳಬೇಕು ನನಗ ಗೊತ್ತೈತಿ."

ಮಹಾದೇವನ ದನಿಯಲ್ಲಿದ್ದ ನಯ ಹೋಯಿತು. ಮಶಿನ್ನನ್ನು ಮತ್ತೊಂದು ಕೈಗೆ ಬದಲಿಸಿದ. "ದೊಡ್ಡ ಮಾತ ಆಡೂದು ಸರಳ ಐತಿ. ಮತ್ತ ಸೋಮವಾರ ಇದನ್ನ ಯಾರ ಒರಸಬೇಕು? ಹೇಳು. ನಿಮ್ಮ ಮನಿಯಿಂದ ಯಾರೂ ಇಲ್ಲಂದ್ರ ಯಾರ ಮಾಡಬೇಕು?"

ಚಂದ್ರಾಬಾಯಿ ಅವನನ್ನು ಮೇಲಿನಿಂದ ಕೆಳಗಿನವರೆಗೆ, ಮೊದಲ ಸಲ ನೋಡುವಂತೆ, ನಿಧಾನವಾಗಿ ನೋಡಿದಳು.

"ನಿಮ್ಮ ಮನ್ಯಾಗ ಯಾರೂ ಇಲ್ಲೇನ್ರಿ?"

ಔಷಧಿ ಚೀಟಿ ಹಿಡಿದು ಹೊರಟಿದ್ದ ಇಬ್ಬರು ನಿಂತರು. ವಾರ್ಡಿನ ಬಾಗಿಲಲ್ಲಿ ಜೀನತ ನಿಂತಲ್ಲೇ ನಿಂತಳು.

ನೀಲಾ ಕೋಟಿನ ಗುಂಡಿಗಳನ್ನು ಒಂದೊಂದಾಗಿ ಬಿಚ್ಚಿದಳು. ಕೋಟನ್ನು ಬಕೆಟ್ಟಿನ ಹಿಡಿಕೆಗೆ ನೇತುಹಾಕಿ ಬಂದು, ಅತ್ತೆಯ ಜಾರಿದ ಸೆರಗನ್ನು ಎಳೆದು ಸೊಂಟಕ್ಕೆ ಸಿಕ್ಕಿಸಿದಳು.

"ನೆಲ ಹಸಿ ಐತ್ರಿ ಅತ್ತಿ. ಹುಷಾರ."

"ಹಿಡಕೊ," ಎಂದಳು ಚಂದ್ರಾಬಾಯಿ. "ಲಿಫ್ಟಿನ ತನಕ ನಿನ್ನ ಕಳಿಸಿ ಬರ್ತೀನಿ."

ವರಾಂಡ ಅರ್ಧ ಒರೆಸಿಯಾಗಿತ್ತು. ಅರ್ಧ ಒಣಗಿ, ಬೆಳಗಿನ ಚಪ್ಪಲಿಗಳ ಮಣ್ಣು ಹೊತ್ತು ಹಾಗೇ ಇತ್ತು. ಮಹಾದೇವ ಒಣ ನೆಲದ ಅಂಚಿನಲ್ಲಿ ನಿಂತು ಆಚೀಚೆ ನೋಡಿದ. ಯಾರನ್ನೋ ಕೂಗಲು ಹೊರಟು, ಯಾರ ಹೆಸರೂ ಬಾರದೆ ಸುಮ್ಮನಾದ. ಹಸಿ ನೆಲದ ಮೇಲೆ ವಾಕರಿನ ನಾಲ್ಕು ದುಂಡು ಗುರುತುಗಳು, ಅವುಗಳ ಹಿಂದೆ ಒಂದು ಎಳೆದ ಹೆಜ್ಜೆ, ಒಂದು ಊರಿದ ಹೆಜ್ಜೆ, ಪಕ್ಕದಲ್ಲಿ ಬರಿಗಾಲಿನ ಮತ್ತೊಂದು ಜೋಡಿ, ನಿಂತು ನಿಂತು ಲಿಫ್ಟಿನವರೆಗೂ ಹೋಗಿದ್ದವು. ಕಿಟಕಿಯ ಬಿಸಿಲಿಗೆ ಅವು ಅಂಚಿನಿಂದ ಮೆಲ್ಲಗೆ ಒಣಗತೊಡಗಿದವು.